ತಲೆಸ್ನಾನದ ದಿನವೇ ಬರುವ ಫಿಟ್ಸ್ ಮತ್ತು ಜಿಲ್ಲೆಯ ನರರೋಗ ತಜ್ಞರು

ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ, ನರರೋಗ ತಜ್ಞರನ್ನು ಕಾಣಲು ಬರುವವರ ಕೈಯಲ್ಲಿ ಈಗ ಸಾಮಾನ್ಯವಾಗಿ ಸ್ಕ್ಯಾನಿಂಗ್ ಸೆಂಟರಿನ ದೊಡ್ಡದೊಂದು ಕವರ್ ಇರುತ್ತದೆ. ಕುರ್ಚಿಯಲ್ಲಿ ಕೂರುವ ಮೊದಲೇ ಅದನ್ನು ಮೇಜಿನ ಮೇಲಿಟ್ಟು, ಡಾಕ್ಟರು ಫಿಲಂ ತೆಗೆದು ಬೆಳಕಿಗೆ ಹಿಡಿಯಲಿ ಎಂದು ಕಾಯುತ್ತಾರೆ. ಅನುಭವಸ್ಥ ತಜ್ಞರು ಆ ಕವರನ್ನು ಪಕ್ಕಕ್ಕೆ ಸರಿಸಿ, ರೋಗಿಯ ಜೊತೆ ಬಂದವರ ಕಡೆ ತಿರುಗಿ, ಅಂದು ನಡೆದದ್ದೇನು ಎಂದು ಮೊದಲಿನಿಂದ ಕೇಳತೊಡಗುತ್ತಾರೆ. ಫಿಟ್ಸ್ ಬಂದವರಿಗೆ ತಮಗೆ ಏನಾಯಿತೆಂಬುದು ಬಹುಮಟ್ಟಿಗೆ ನೆನಪಿರುವುದಿಲ್ಲ. ಕಣ್ಣಾರೆ ಕಂಡವರ ಮಾತೇ ಪುರಾವೆ. ಯಾವ ಕೈ ಮೊದಲು ಅದುರಿತು, ಕತ್ತು ಯಾವ ಕಡೆಗೆ ತಿರುಗಿತು, ಕಣ್ಣು ತೆರೆದಿತ್ತೇ ಮುಚ್ಚಿತ್ತೇ, ನಾಲಿಗೆ ಕಚ್ಚಿಕೊಂಡರೇ, ಎಚ್ಚರವಾದ ಮೇಲೆ ಎಷ್ಟು ಹೊತ್ತು ಮಂಕಾಗಿದ್ದರು ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತವೆ. ಕರ್ನಾಟಕದ ತಜ್ಞರು ಈ ಸಾಲಿಗೆ ಇನ್ನೂ ಒಂದು ಪ್ರಶ್ನೆಯನ್ನು ಸೇರಿಸುತ್ತಾರೆ: 'ತಲೆಗೆ ನೀರು ಹಾಕಿಕೊಂಡ ದಿನವೇ ಬರುತ್ತದೆಯೇ?'

ಪ್ರಪಂಚದ ಹೆಚ್ಚಿನ ಆಸ್ಪತ್ರೆಗಳಲ್ಲಿ ಯಾರಿಗೂ ಹೊಳೆಯದ ಈ ಪ್ರಶ್ನೆಯ ಹಿಂದೆ ನಮ್ಮ ಬಚ್ಚಲುಮನೆಯಿದೆ. ಅರಕಲಗೂಡಿನ ಕಡೆಯ ಹಳ್ಳಿಯೊಂದರ ಮನೆಯನ್ನು ಊಹಿಸಿಕೊಳ್ಳಿ. ಬಚ್ಚಲೊಲೆಗೆ ಬೆಳಗಿನಿಂದಲೇ ಸೌದೆ ಒಟ್ಟಲಾಗಿದೆ, ತಾಮ್ರದ ಹಂಡೆಯಲ್ಲಿ ನೀರು ಹಬೆಯಾಡುತ್ತಿದೆ, ಹತ್ತು ಹನ್ನೆರಡು ವರ್ಷದ ಹುಡುಗನಿಗೆ ಎಣ್ಣೆ ತಿಕ್ಕಿ, ಸೀಗೆಪುಡಿ ಹಚ್ಚಿ, ಅವನ ತಾಯಿ ಚೊಂಬಿನ ಮೇಲೆ ಚೊಂಬು ಬಿಸಿನೀರನ್ನು ನೆತ್ತಿಯ ಮೇಲೆ ಬಿಡುವಿಲ್ಲದೆ ಹೊಯ್ಯುತ್ತಿದ್ದಾಳೆ. ನಾಲ್ಕೈದು ಚೊಂಬು ಆಗುವಷ್ಟರಲ್ಲಿ ಹುಡುಗ ಒಂದೇ ಕಡೆ ದಿಟ್ಟಿಸತೊಡಗುತ್ತಾನೆ, ಕರೆದರೆ ಓಗೊಡುವುದಿಲ್ಲ, ಏನೋ ಅಸಂಬದ್ಧವಾಗಿ ಬಡಬಡಿಸುತ್ತಾನೆ, ಭಯಗೊಂಡವನಂತೆ ಕಾಣುತ್ತಾನೆ. ಕೆಲವು ಸಲ ಅಲ್ಲಿಗೇ ನಿಲ್ಲುತ್ತದೆ. ಕೆಲವು ಸಲ ಮೈಯೆಲ್ಲ ಸೆಟೆದು ಫಿಟ್ಸ್ ಬಂದು ಬೀಳುತ್ತಾನೆ. ಉಳಿದ ದಿನಗಳಲ್ಲಿ ಅವನಿಗೆ ಯಾವ ತೊಂದರೆಯೂ ಇಲ್ಲ. ಶಾಲೆಗೆ ಹೋಗುತ್ತಾನೆ, ಆಡುತ್ತಾನೆ, ಓದುತ್ತಾನೆ. ವಾರಕ್ಕೊಮ್ಮೆ ಬರುವ ಈ ಕಾಯಿಲೆ ಮನೆಯವರ ಕಣ್ಣಿಗೆ ಗಾಳಿ ಸೋಕಿದಂತೆ, ಇಲ್ಲವೇ ಯಾವುದೋ ಹರಕೆ ತೀರಿಸದ್ದರ ಫಲದಂತೆ ಕಂಡರೆ ಆಶ್ಚರ್ಯವೇನಿಲ್ಲ.

ಇದು ಬಿಸಿನೀರಿನ ಅಪಸ್ಮಾರ. ನಿರ್ದಿಷ್ಟ ಪ್ರಚೋದನೆಯೊಂದು ತಾಗಿದಾಗಲೇ ಬರುವ ಅಪಸ್ಮಾರಗಳ ಗುಂಪಿಗೆ ಇದು ಸೇರುತ್ತದೆ. 1945ರಲ್ಲಿ ನ್ಯೂಜಿಲೆಂಡಿನಿಂದ ಇದರ ಮೊದಲ ವರದಿ ಬಂದಿತ್ತಾದರೂ, ಇದು ಅಪರೂಪದ ವಿಚಿತ್ರವಲ್ಲವೆಂದು ವೈದ್ಯಲೋಕಕ್ಕೆ ಮನದಟ್ಟು ಮಾಡಿದವರು ಬೆಂಗಳೂರಿನ ವೈದ್ಯರು. ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ಇದರ ಬಗ್ಗೆ ಪ್ರಾಥಮಿಕ ವರದಿ ಪ್ರಕಟಿಸಿದರು. ಮುಂದೆ ನಿಮ್ಹಾನ್ಸ್‌ನ ನಿರ್ದೇಶಕರೂ ಆದ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ರೋಗಿಗಳ ವಿವರಗಳನ್ನು ಒಟ್ಟಿಗೆ ಮುಂದಿಟ್ಟರು. ಬೆಂಗಳೂರಿನ ನಗರ ಮತ್ತು ಗ್ರಾಮಾಂತರ ಪ್ರದೇಶದ ಸಮೀಕ್ಷೆಯಲ್ಲಿ ಲಕ್ಷ ಜನರಿಗೆ ಸುಮಾರು 60 ಮಂದಿಯಲ್ಲಿ ಈ ಕಾಯಿಲೆ ಕಂಡರೆ, ಆಗ ಮೈಸೂರು ಜಿಲ್ಲೆಗೆ ಸೇರಿದ್ದ ಯಳಂದೂರಿನಲ್ಲಿ ಅದು 255ರಷ್ಟಿತ್ತು. ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು, ಮತ್ತು ಬಾಲ್ಯದಲ್ಲಿ ಅಥವಾ ಹದಿಹರೆಯದಲ್ಲಿ ಶುರುವಾಗುವುದೇ ಹೆಚ್ಚು.

ನೆತ್ತಿಯ ಮೇಲೆ ಬೀಳುವ ನೀರಿನ ಶಾಖ ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಆದರೆ ಶಾಖವೊಂದೇ ಸಾಲದು. ನೀರನ್ನು ತಲೆಗೇ, ರಭಸವಾಗಿ, ಬಿಡುವಿಲ್ಲದೆ ಹೊಯ್ಯುವುದೂ ಬೇಕು. ಕುತ್ತಿಗೆಯಿಂದ ಕೆಳಗೆ ಅದೇ ನೀರನ್ನು ಹೊಯ್ದುಕೊಂಡರೆ ಬಹುತೇಕರಿಗೆ ಏನೂ ಆಗುವುದಿಲ್ಲ. ಮೆದುಳಿನ ತಳದಲ್ಲಿರುವ ಹೈಪೊಥಲಾಮಸ್ ಮೈಶಾಖವನ್ನು ಹದದಲ್ಲಿಡುತ್ತದೆ. ಈ ರೋಗಿಗಳಲ್ಲಿ ಆ ಹದ ತಪ್ಪಿರುವುದರಿಂದ ಬಿಸಿನೀರು ಬಿದ್ದಾಗ ಶಾಖ ಬೇಗ ಏರುತ್ತದೆ, ಇಳಿಯುವುದು ನಿಧಾನವಾಗುತ್ತದೆ ಎಂಬುದು ನಿಮ್ಹಾನ್ಸ್ ಸಂಶೋಧಕರ ವಿವರಣೆ. ಇಲಿಗಳಿಗೆ ಮತ್ತೆ ಮತ್ತೆ ಬಿಸಿನೀರಿನ ಸ್ನಾನ ಮಾಡಿಸಿದ ಪ್ರಯೋಗಗಳಲ್ಲಿ, ಮೊದಲು ಏನೂ ಆಗದಿದ್ದ ಪ್ರಾಣಿಗಳಲ್ಲಿ ಕ್ರಮೇಣ ಸೆಳೆತ ಕಾಣಿಸಿಕೊಂಡಿತು. ಹಸಿ ಸೌದೆ ಹಲವು ಸಲ ಬರೀ ಹೊಗೆಯಾಡಿ ಆರಿ, ಆ ಶಾಖಕ್ಕೇ ಒಣಗುತ್ತಾ ಹೋಗಿ, ಕೊನೆಗೊಮ್ಮೆ ತಟ್ಟನೆ ಹತ್ತಿಕೊಳ್ಳುವ ಬಗೆ ಇದು. ಕೆಲವು ರೋಗಿಗಳಲ್ಲಿ ವರ್ಷಗಳು ಕಳೆದಂತೆ ಸ್ನಾನವಿಲ್ಲದೆಯೂ ಫಿಟ್ಸ್ ಬರತೊಡಗುವುದಕ್ಕೂ ಇದೇ ಕಾರಣವಿರಬಹುದೆಂದು ಭಾವಿಸಲಾಗಿದೆ. ಕೆಲವು ಕುಟುಂಬಗಳಲ್ಲಿ ಕಾಯಿಲೆ ತಲೆಮಾರುಗಳಲ್ಲಿ ಹರಿದು ಬಂದಿರುವುದನ್ನು ಗಮನಿಸಿ ಬೆಂಗಳೂರಿನ ಸಂಶೋಧಕರು ಅಂಥ ಮನೆಗಳ ರಕ್ತದ ಮಾದರಿಗಳನ್ನು ಅಧ್ಯಯನ ಮಾಡಿದರು. 2009ರಲ್ಲಿ ಪ್ರಕಟವಾದ ಎರಡು ವರದಿಗಳು 10ನೇ ಮತ್ತು 4ನೇ ವರ್ಣತಂತುಗಳಲ್ಲಿ (ಕ್ರೋಮೋಸೋಮ್) ಈ ಕಾಯಿಲೆಗೆ ನಂಟಿರುವ ಒಂದೊಂದು ಭಾಗವನ್ನು ಗುರುತಿಸಿದವು.

ಈ ಕಾಯಿಲೆಯ ಎಂಆರ್‌ಐ ಸಾಮಾನ್ಯವಾಗಿ ಏನನ್ನೂ ತೋರಿಸುವುದಿಲ್ಲ. ಸ್ನಾನವಿಲ್ಲದ ಹೊತ್ತಿನಲ್ಲಿ ತೆಗೆದ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆಗಳ ದಾಖಲೆ ಕೂಡ ಬಹುಪಾಲು ರೋಗಿಗಳಲ್ಲಿ ಸಹಜವಾಗಿಯೇ ಇರುತ್ತದೆ. ಸಾವಿರಾರು ರೂಪಾಯಿಯ ಪರೀಕ್ಷೆಗಳು ಮುಗಿದ ಮೇಲೂ ಗುಟ್ಟು ಬಿಟ್ಟುಕೊಡದ ಕಾಯಿಲೆ ಒಂದು ಪ್ರಶ್ನೆಗೆ ಬಾಯಿಬಿಡುತ್ತದೆ. ತಾಯಿಯನ್ನು ಕೇಳಿದರೆ, 'ಹೌದು ಸಾರ್, ಬಚ್ಚಲಲ್ಲೇ ಆಗೋದು, ಬೇರೆ ಕಡೆ ಆಗೇ ಇಲ್ಲ' ಎನ್ನುತ್ತಾಳೆ. ಯಾರೂ ಕೇಳದಿದ್ದರೆ ಅದು ಮುಖ್ಯವೆಂದು ಅವಳಿಗೆ ಹೊಳೆಯುವುದಾದರೂ ಹೇಗೆ? ಚಿಕಿತ್ಸೆಯೂ ಬಹುತೇಕ ಸರಳವೇ. ನೀರು ಉಗುರುಬೆಚ್ಚಗಿರಬೇಕು, ತಲೆಗೆ ಒಮ್ಮೆಲೇ ಸುರಿಯಬಾರದು, ಬಚ್ಚಲಿನ ಅಗುಳಿ ಹಾಕಿಕೊಳ್ಳಬಾರದು. ಇಷ್ಟಕ್ಕೂ ನಿಲ್ಲದಿದ್ದರೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮೊದಲು ಕ್ಲೋಬಜಾಮ್ ಎಂಬ ಮಾತ್ರೆಯನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಟ್ಟರೆ ಅನೇಕರಿಗೆ ಸಾಕಾಗುತ್ತದೆ. ದಿನವೂ ಮಾತ್ರೆ ನುಂಗಬೇಕಾಗುವುದು ಮುಖ್ಯವಾಗಿ ಸ್ನಾನವಿಲ್ಲದೆಯೂ ಫಿಟ್ಸ್ ಬರುವವರಿಗೆ. ಒಂದು ವಿಚಿತ್ರವನ್ನೂ ಹೇಳಬೇಕು: ಕೆಲವರಿಗೆ ಈ ಸ್ಥಿತಿ ಹಿತವೆನಿಸಿ, ನಿಲ್ಲಿಸುವ ಬದಲು ಇನ್ನೂ ಬಿಸಿಯಾದ ನೀರನ್ನು ತಾವಾಗಿಯೇ ಹೊಯ್ದುಕೊಳ್ಳುತ್ತಾರೆ. ಅಂಥವರಿಗೆ ಮಾತ್ರೆಗಿಂತ ಮನೆಯವರ ಕಾವಲೇ ಹೆಚ್ಚು ಕೆಲಸ ಮಾಡುತ್ತದೆ.

ಇಂಥ ಪ್ರಶ್ನೆಯನ್ನು ಕೇಳಬಲ್ಲವರನ್ನು ತಯಾರು ಮಾಡಲು ಬಹಳ ಕಾಲ ಹಿಡಿಯುತ್ತದೆ. ಎಂಬಿಬಿಎಸ್‌ಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಜನರಲ್ ಮೆಡಿಸಿನ್‌ನಲ್ಲಿ ಎಂಡಿ ಮೂರು ವರ್ಷ, ಅದರ ಮೇಲೆ ನರರೋಗ ವಿಜ್ಞಾನದ ಡಿಎಂ ಮೂರು ವರ್ಷ. ನಡುವಿನ ಪ್ರವೇಶ ಪರೀಕ್ಷೆಗಳ ಕಾಯುವಿಕೆಯನ್ನೂ ಕೂಡಿಸಿದರೆ ಪಿಯುಸಿ ಮುಗಿಸಿದ ಹುಡುಗಿಯೊಬ್ಬಳು ನರರೋಗ ತಜ್ಞೆ ಎನಿಸಿಕೊಳ್ಳುವಷ್ಟರಲ್ಲಿ ಮೂವತ್ತು ದಾಟಿರುತ್ತದೆ. ಅಷ್ಟು ಓದಿದವರು ಬೆಂಗಳೂರಿನಲ್ಲೇ ಉಳಿಯಬಯಸುವುದು ಅರ್ಥವಾಗದ ಸಂಗತಿಯೇನಲ್ಲ, ಆದರೆ ರೋಗಿಗಳು ಇರುವುದು ಇಲ್ಲಿ. ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು ಬೆಂಗಳೂರಿನ ನಗರ ಹಾಗೂ ಗ್ರಾಮಾಂತರ ಪ್ರದೇಶದ 1,02,557 ಜನರನ್ನು ಸಮೀಕ್ಷೆಗೆ ಒಳಪಡಿಸಿ 2004ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಅಪಸ್ಮಾರ ಇರುವವರ ಸಂಖ್ಯೆ ನಗರದಲ್ಲಿ ಲಕ್ಷಕ್ಕೆ 570 ಇದ್ದರೆ ಹಳ್ಳಿಗಳಲ್ಲಿ 1,190, ಅಂದರೆ ಎರಡರಷ್ಟು.

ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2006ರಲ್ಲಿ ಆರಂಭವಾಯಿತು, ಚಿಕ್ಕಮಗಳೂರಿಗೂ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಜಿಲ್ಲಾ ಆಸ್ಪತ್ರೆಯೊಂದು ಬೋಧನಾ ಆಸ್ಪತ್ರೆಯಾದಾಗ ಅಲ್ಲಿನ ತಜ್ಞರ ಕೆಲಸದ ರೀತಿಯೇ ಬದಲಾಗುತ್ತದೆ, ಏಕೆಂದರೆ ತಾವು ಕೇಳುವ ಪ್ರತಿ ಪ್ರಶ್ನೆಯನ್ನೂ ಏಕೆ ಕೇಳಿದೆವೆಂದು ಹಿಂದೆ ನಿಂತ ಹುಡುಗ ಹುಡುಗಿಯರಿಗೆ ಹೇಳಬೇಕಾಗುತ್ತದೆ. ನರರೋಗ ವಿಭಾಗದಲ್ಲಿ ಪಾಠ ಶುರುವಾಗುವುದು 'ಏನು ಕಾಯಿಲೆ' ಎಂಬುದಕ್ಕಿಂತ ಮೊದಲು 'ಎಲ್ಲಿ' ಎಂಬುದರಿಂದ. ಮೆದುಳಿನಲ್ಲೋ, ಬೆನ್ನುಹುರಿಯಲ್ಲೋ, ನರದಲ್ಲೋ, ನರ ಸ್ನಾಯುವಿಗೆ ಸೇರುವ ಕಡೆಯೋ, ಸ್ನಾಯುವಿನಲ್ಲೇಯೋ? ರಬ್ಬರ್ ಸುತ್ತಿಗೆ, ಟಾರ್ಚು, ಟ್ಯೂನಿಂಗ್ ಫೋರ್ಕು, ಒಂದಿಷ್ಟು ಹತ್ತಿ ಇದ್ದರೆ ಈ ಪ್ರಶ್ನೆಗೆ ಬಹುಮಟ್ಟಿಗೆ ಹಾಸಿಗೆಯ ಪಕ್ಕದಲ್ಲೇ ಉತ್ತರ ಸಿಗುತ್ತದೆ.

ಒಂದು ಉದಾಹರಣೆ ನೋಡಬಹುದು. ಬೆಳಗಿನ ಬಸ್ಸಿನ ಕಿಟಕಿಯ ಪಕ್ಕ ಕೂತು ಬಂದವರೊಬ್ಬರಿಗೆ ಮಧ್ಯಾಹ್ನದ ಹೊತ್ತಿಗೆ ಬಾಯಿ ಒಂದು ಕಡೆಗೆ ಸೊಟ್ಟಗಾಗಿ, ಲಕ್ವ ಹೊಡೆಯಿತೆಂದು ಮನೆಯವರೆಲ್ಲ ಗಾಬರಿಯಾಗಿ ಕರೆತಂದಿದ್ದಾರೆ. ಅಧ್ಯಾಪಕರು ವಿದ್ಯಾರ್ಥಿಗೆ ಹೇಳುವುದು ಇಷ್ಟೇ: ಹುಬ್ಬು ಮೇಲೇರಿಸಲು ಹೇಳು. ಹಣೆಯ ಎರಡೂ ಕಡೆ ನೆರಿಗೆ ಮೂಡಿದರೆ ತೊಂದರೆ ಮೆದುಳಿನಲ್ಲಿ. ಸೊಟ್ಟಗಾದ ಮುಖದಲ್ಲಿ ಸೋತ ಕಡೆಯ ಹಣೆಯೂ ನುಣ್ಣಗೆ ಉಳಿದರೆ ತೊಂದರೆ ಮುಖದ ನರದಲ್ಲಿ. ಹಣೆಯ ಸ್ನಾಯುಗಳಿಗೆ ಮೆದುಳಿನ ಎರಡೂ ಭಾಗಗಳಿಂದ ಆಜ್ಞೆ ಹೋಗುವುದರಿಂದ ಒಂದು ಭಾಗ ಕೆಟ್ಟರೂ ಇನ್ನೊಂದು ಕೆಲಸ ನಡೆಸುತ್ತದೆ, ಆದರೆ ನರವೇ ಊದಿಕೊಂಡರೆ ಎರಡೂ ಆಜ್ಞೆಗಳು ತಲುಪುವುದಿಲ್ಲ. ಎರಡನೆಯದು ಬೆಲ್ಸ್ ಪಾಲ್ಸಿ. ಮೂರು ದಿನದೊಳಗೆ ಸ್ಟೀರಾಯ್ಡ್ ಮಾತ್ರೆ ಆರಂಭಿಸಿ, ಮುಚ್ಚದ ಕಣ್ಣನ್ನು ಒಣಗದಂತೆ ಕಾಪಾಡಿದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಮೊದಲನೆಯದು ಪಾರ್ಶ್ವವಾಯುವಾಗಿದ್ದರೆ ಅಲ್ಲಿ ಗಡಿಯಾರದ ಲೆಕ್ಕ ಬೇರೆ. ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಬಂದ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಮಾಡಿ ರಕ್ತಸ್ರಾವವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸಕಲೇಶಪುರದಾಚೆಯ ಕಾಫಿ ತೋಟದ ಲೈನ್ ಮನೆಯಿಂದ ಹೊರಟವರಿಗೆ ಘಟ್ಟದ ರಸ್ತೆಯಲ್ಲೇ ಈ ಅವಧಿಯ ದೊಡ್ಡ ಪಾಲು ಕಳೆದುಹೋಗುತ್ತದೆ. ಬೆಂಗಳೂರಿಗೆ ಒಯ್ಯೋಣವೆಂದು ನಿರ್ಧರಿಸಿದರೆ ಉಳಿದದ್ದೂ ಹೋಗುತ್ತದೆ.

ಇನ್ನು ಸಂಶೋಧನೆ. ಪ್ರಯೋಗಾಲಯವಿಲ್ಲದ ಊರಿನಲ್ಲಿ ಅದು ಸಾಧ್ಯವಿಲ್ಲವೆಂದು ಅನೇಕ ವೈದ್ಯರೇ ನಂಬಿದ್ದಾರೆ. ನನಗೆ ಇದು ಒಪ್ಪುವ ಮಾತಲ್ಲ. ಗೌರಿದೇವಿ ಅವರೇ ನಿಮ್ಹಾನ್ಸ್‌ನಲ್ಲಿ ಸಂಗಡಿಗರೊಂದಿಗೆ 1984ರಲ್ಲಿ ವರದಿ ಮಾಡಿದ ಇನ್ನೊಂದು ಕಾಯಿಲೆಯನ್ನು ತೆಗೆದುಕೊಳ್ಳಿ. ಹರೆಯದ ಹುಡುಗರಲ್ಲಿ ಒಂದೇ ಕೈ ಅಥವಾ ಒಂದೇ ಕಾಲು ಮೆಲ್ಲನೆ ಸಣಕಲಾಗುತ್ತಾ ಹೋಗುವ ಕಾಯಿಲೆ ಅದು. ಮೇಲ್ನೋಟಕ್ಕೆ ಇದು ಕೆಲವೇ ವರ್ಷಗಳಲ್ಲಿ ಪ್ರಾಣ ತೆಗೆಯುವ ಮೋಟಾರ್ ನ್ಯೂರಾನ್ ಕಾಯಿಲೆಯಂತೆಯೇ ಕಾಣುತ್ತದೆ. ವ್ಯತ್ಯಾಸವಿರುವುದು ಮುಂದಿನ ವರ್ಷಗಳಲ್ಲಿ: ಈ ಸವೆತ ಕೆಲವು ವರ್ಷ ಮುಂದುವರಿದು ತಾನಾಗಿಯೇ ನಿಂತುಬಿಡುತ್ತದೆ. ಅದನ್ನು ತಿಳಿಯಲು ಬೇಕಾದದ್ದು ಅದೇ ರೋಗಿಯನ್ನು ಮತ್ತೆ ಮತ್ತೆ ಕರೆಸಿ, ಅದೇ ಅಳತೆಪಟ್ಟಿಯಿಂದ ತೋಳಿನ ಸುತ್ತಳತೆ ನೋಡಿ, ಬರೆದಿಡುವ ತಾಳ್ಮೆ. ಇಪ್ಪತ್ತು ವರ್ಷದ ಹುಡುಗನಿಗೆ 'ಇದು ಜೀವಕ್ಕೆ ಅಪಾಯ ತರುವಂಥದ್ದಲ್ಲ' ಎಂದು ಇಂದು ವೈದ್ಯರು ಹೇಳಲು ಸಾಧ್ಯವಾಗಿರುವುದು ಆ ಬರವಣಿಗೆಯಿಂದ.

ನಮ್ಮ ಜಿಲ್ಲೆಗಳಲ್ಲಿ ಸೋರಿಹೋಗುತ್ತಿರುವುದು ಈ ಬರವಣಿಗೆಯೇ. ಓಪಿಡಿ ಚೀಟಿ ರೋಗಿಯ ಜೊತೆ ಮನೆಗೆ ಹೋಗುತ್ತದೆ, ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟು ರೇಷನ್ ಕಾರ್ಡಿನ ಪಕ್ಕ ಸೇರುತ್ತದೆ, ಮಡಿಕೆಯಲ್ಲಿ ಹರಿದ ಮೇಲೆ ಹೊಸ ಚೀಟಿ ಮಾಡಿಸಲಾಗುತ್ತದೆ. ಅದರ ಮೇಲೆ ತಜ್ಞರು ಅವಸರದಲ್ಲಿ ಬರೆದ ನಾಲ್ಕು ಸಾಲು ಆಸ್ಪತ್ರೆಯಲ್ಲಿ ಉಳಿಯುವುದಿಲ್ಲ. ಹೊರಗೆ ಸಾಲು ನಿಂತಿರುವಾಗ ಇನ್ನೊಂದು ಪ್ರತಿ ಬರೆದಿಡಿ ಎಂದು ಅವರನ್ನು ಕೇಳುವುದೂ ಕಷ್ಟ. ಈ ಕೆಲಸ ಸ್ನಾತಕೋತ್ತರ ವಿದ್ಯಾರ್ಥಿಗಳಿಂದ ಆಗಬೇಕು. ಎಂಡಿ ಪದವಿಗೆ ಪ್ರಬಂಧ ಕಡ್ಡಾಯ. ವರ್ಷ ವರ್ಷವೂ ಸಕ್ಕರೆ ಕಾಯಿಲೆಯ ಅದೇ ಹಳೆಯ ವಿಷಯಗಳನ್ನು ಅದಲುಬದಲು ಮಾಡುವ ಬದಲು ಒಬ್ಬರಾದರೂ ಬಚ್ಚಲುಮನೆಯ ಲೆಕ್ಕ ಹಿಡಿಯಬಹುದು.

ಮಲೆನಾಡಿನ ಮನೆಗಳಲ್ಲೂ ಹಂಡೆಯ ಜಾಗಕ್ಕೆ ಗೀಸರ್ ಮತ್ತು ಸೋಲಾರ್, ಚೊಂಬಿನ ಜಾಗಕ್ಕೆ ಶವರ್ ಬಂದಿವೆ. ಶವರಿನ ನೀರು ಸಣ್ಣಗೆ ಬೀಳುತ್ತದೆ, ಆದರೆ ಸೋಲಾರ್ ನೀರು ಬೇಸಿಗೆಯಲ್ಲಿ ಹಂಡೆಯ ನೀರಿಗಿಂತಲೂ ಬಿಸಿಯಾಗಿರಬಹುದು. ಫಿಟ್ಸ್ ಎಂದು ಬರುವ ಪ್ರತಿಯೊಬ್ಬರನ್ನೂ ಮನೆಯಲ್ಲಿ ನೀರು ಕಾಯಿಸುವುದು ಯಾವುದರಲ್ಲಿ, ತಲೆಗೆ ಹಾಕುವುದು ಹೇಗೆ, ಎಷ್ಟು ದಿನಕ್ಕೊಮ್ಮೆ, ಅಂದೇ ಫಿಟ್ಸ್ ಬಂದದ್ದುಂಟೇ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿದೆಯೇ ಎಂದು ಕೇಳಿ ಒಂದು ದಪ್ಪ ಪುಸ್ತಕದಲ್ಲಿ ಗೆರೆ ಎಳೆದು ತುಂಬಿಸುತ್ತಾ ಹೋದರೆ, ಎಂಡಿಯ ಮೂರು ವರ್ಷದಲ್ಲಿ ಹಾಸನ ಜಿಲ್ಲೆಯ ತಾಲ್ಲೂಕುವಾರು ಚಿತ್ರವೊಂದು ಸಿಗುತ್ತದೆ. 1968ರ ವರದಿಯ ಜೊತೆ ಇಟ್ಟು ಹೋಲಿಸಬಹುದಾದ ಆ ಚಿತ್ರಕ್ಕೆ ಬೇಕಾದ ಖರ್ಚು ಒಂದು ರಿಜಿಸ್ಟರು, ಒಂದು ಥರ್ಮಾಮೀಟರು ಮತ್ತು ಆಸ್ಪತ್ರೆಯ ನೈತಿಕ ಸಮಿತಿಯ ಒಪ್ಪಿಗೆ.