‘ಏನಿಲ್ಲ, ಸರಿ ಹೋಗುತ್ತೆ’ ಅನ್ನುವವರಿಗೆ ಸ್ಟ್ರೋಕ್ ಆದಾಗ

ಕೊಡಗಿನಲ್ಲಿ ಸ್ಟ್ರೋಕ್ ಆದವರು ಆಸ್ಪತ್ರೆಗೆ ಯಾಕೆ ತಡವಾಗಿ ಬರುತ್ತಾರೆ ಅಂತ ಕೇಳಿದರೆ ಎಲ್ಲರೂ ರಸ್ತೆಯನ್ನು ಬೈಯುತ್ತಾರೆ. ಬೈಯಲಿ, ತಪ್ಪಿಲ್ಲ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಮಂಗಳೂರಿಗಾದರೆ ಸಂಪಾಜೆ ಘಾಟಿ ಇಳಿಯಬೇಕು, ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆಗೆ ಒಂದು ಮರ ಅಡ್ಡ ಬಿದ್ದರೆ ಮುಗೀತು. ಆದರೆ ಮನೆಯವರನ್ನು ಕೂರಿಸಿಕೊಂಡು ಬೆಳಗ್ಗೆಯಿಂದ ಏನೇನಾಯಿತು ಅಂತ ಕೇಳುತ್ತಾ ಹೋದರೆ, ರಸ್ತೆಗಿಂತ ಜಾಸ್ತಿ ಹೊತ್ತು ಮನೆಯ ಜಗಲಿಯಲ್ಲೇ ಕಳೆದಿರುತ್ತದೆ. ಅಲ್ಲಿ ‘ಏನಿಲ್ಲ, ಸರಿ ಹೋಗುತ್ತೆ’ ಅಂದವರು ಒಬ್ಬರು ಇದ್ದೇ ಇರುತ್ತಾರೆ. ಹೆಚ್ಚಿನ ಸಲ ಅದು ರೋಗಿಯೇ.

ಹತ್ತು ಸ್ಟ್ರೋಕ್‌ಗಳಲ್ಲಿ ಎಂಟರಷ್ಟು ಆಗುವುದು ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತದ ಗಡ್ಡೆ ಸಿಕ್ಕಿಕೊಂಡು, ಉಳಿದವು ರಕ್ತಸ್ರಾವವಾಗಿ. ಆ ಗಡ್ಡೆ ಕರಗಿಸುವ ಇಂಜೆಕ್ಷನ್ ಇದೆ, ಅದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅಲ್ಲಿಯವರೆಗೆ ಸಮಯ ಇದೆಯಲ್ಲ ಅಂತ ಕೂರುವ ಹಾಗೂ ಇಲ್ಲ. ದೊಡ್ಡ ನಾಳ ಕಟ್ಟಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅಂತ 2006ರಲ್ಲೇ ಲೆಕ್ಕ ಹಾಕಿದ್ದಾರೆ. ಕೆಲವರಿಗೆ 24 ಗಂಟೆಯವರೆಗೂ ರಕ್ತನಾಳದೊಳಗೆ ಕ್ಯಾಥೆಟರ್ ಅನ್ನುವ ಸಣ್ಣ ಕೊಳವೆ ಹಾಕಿ ಗಡ್ಡೆ ತೆಗೆಯಬಹುದು. ಆದರೆ ಅದು ದೊಡ್ಡ ಸೆಂಟರ್‌ಗಳಲ್ಲಿ ಮಾತ್ರ, ಅದೂ ಎಲ್ಲರಿಗೂ ಅಲ್ಲ.

ಈಗ ‘ಏನಿಲ್ಲ’ ಅನ್ನಿಸುವ ಆ ಸ್ವಭಾವಕ್ಕೆ ಬರೋಣ. ನಮ್ಮಲ್ಲಿ ಗಟ್ಟಿ ಜನ ಜಾಸ್ತಿ. ಮಿಲಿಟರಿಯಿಂದ ಬಂದು ತೋಟ ನೋಡಿಕೊಳ್ಳುವವರು, ಆನೆ ಗೇಟು ಮುರಿದರೂ ಕೂಗಾಡದವರು. ಇಂಥವರೊಬ್ಬರು ಬೆಳಗ್ಗೆ ಕಾಫಿ ಕುಡಿಯುವಾಗ ಬಲಗೈಯಿಂದ ಲೋಟ ಜಾರಿತು. ಎಡಗೈಯಲ್ಲಿ ಎತ್ತಿಕೊಂಡು ಕುಡಿದರು. ಅವತ್ತು ಆಳುಗಳಿಗೆ ಕೂಲಿ ಬಟವಾಡೆ. ಪುಸ್ತಕದಲ್ಲಿ ಸಹಿ ಗೆರೆ ಬಿಟ್ಟು ಕೆಳಗೆ ಇಳಿದಿತ್ತು, ತೋಟದ ಲೆಕ್ಕ ಬರೆಯುವ ರೈಟರ್ ನೋಡಿದ, ಹೇಳುವ ಧೈರ್ಯ ಬರಲಿಲ್ಲ. ಹೆಂಡತಿ ಕೇಳಿದ್ದಕ್ಕೆ ‘ರಾತ್ರಿ ಕೈ ಮೇಲೆ ಮಲಗಿದ್ದೆ, ಜೋಮು ಹಿಡಿದಿದೆ’ ಅಂದರು. ಸಂಜೆ ಮಾತು ತೊದಲಿದ ಮೇಲೆ ಕಾರು ಹೊರಟಿತು.

ಇವರು ಮೂರ್ಖರಲ್ಲ. ಎದೆನೋವು ಬಂದಿದ್ದರೆ ಬಂದುಬಿಡುತ್ತಿದ್ದರೇನೋ. ಗಟ್ಟಿಯವರು ಕಾಯಿಲೆ ಅಳೆಯುವುದು ನೋವಿನಲ್ಲಿ: ತಡೆದುಕೊಳ್ಳಬಹುದಾ, ಇಲ್ವಾ? ಸ್ಟ್ರೋಕ್ ಹೆಚ್ಚಿನ ಸಲ ನೋಯುವುದೇ ಇಲ್ಲ. ಕೈ ಸುಮ್ನೆ ಸೋಲುತ್ತದೆ, ಬಾಯಿ ಸೊಟ್ಟಗಾಗುತ್ತದೆ, ಮಾತು ಎಡವುತ್ತದೆ. ತಡೆದುಕೊಳ್ಳುವುದಕ್ಕೆ ನೋವೇ ಇಲ್ಲದ ಮೇಲೆ ಅವರ ಲೆಕ್ಕದಲ್ಲಿ ಅದು ಕಾಯಿಲೆಯೇ ಅಲ್ಲ.

ಇನ್ನೊಂದು ಥರದವರಿದ್ದಾರೆ, ಯಾರಿಗೂ ತೊಂದರೆ ಕೊಡಬಾರದು ಅನ್ನುವವರು. ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ಇಬ್ಬರೇ. ‘ಮಗ ಆಫೀಸಿನಲ್ಲಿರ್ತಾನೆ, ರಾತ್ರಿ ಫೋನ್ ಮಾಡಿದಾಗ ಹೇಳಿದ್ರಾಯ್ತು’ ಅಂತ ಅಜ್ಜಿ ಹೋಗಿ ಮಲಗಿಬಿಡುತ್ತಾರೆ. ನನಗೆ ಎಲ್ಲಕ್ಕಿಂತ ಭಯ ಈ ಮಲಗುವುದೇ. ನಿದ್ದೆ ಅಂದುಕೊಂಡು ಯಾರೂ ಎಬ್ಬಿಸುವುದಿಲ್ಲ.

ಗಾಬರಿ ಸ್ವಭಾವದವರಾದರೂ ಬೇಗ ಬರುತ್ತಾರಾ? ಕೆಲವರು ಬರುತ್ತಾರೆ. ಇನ್ನು ಕೆಲವರು ಡಾಕ್ಟರ್ ಏನು ಹೇಳುತ್ತಾರೋ ಅನ್ನುವ ಹೆದರಿಕೆಗೇ ಬರುವುದಿಲ್ಲ. ಮನೆಯವರಿಗೂ ರೂಢಿಯಾಗಿರುತ್ತದೆ, ‘ಇವಳದ್ದು ದಿನಾ ಇದ್ದಿದ್ದೇ’ ಅಂತ. ಮತ್ತೆ ಎಲ್ಲವನ್ನೂ ತಾವೇ ನೋಡಿಕೊಳ್ಳುವ ಯಜಮಾನರು: ಬಿಪಿ ಮೆಷಿನ್ ತರಿಸಿ, ಪರಿಚಯದ ಡಾಕ್ಟರಿಗೆ ವಾಟ್ಸಾಪಿನಲ್ಲಿ ವಿಡಿಯೋ ಕಳಿಸಿ, ಉತ್ತರಕ್ಕೆ ಕಾಯುತ್ತಾ ಕೂತು... ಇವರ ಬಗ್ಗೆ ಇಷ್ಟು ಸಾಕು.

ಒಂದು ಮಾತು ಮಾತ್ರ ಒತ್ತಿ ಹೇಳಬೇಕು. ಎಲ್ಲ ‘ನನಗೇನೂ ಆಗಿಲ್ಲ’ವೂ ಹಟ ಅಲ್ಲ. ಮಿದುಳಿನ ಬಲಭಾಗಕ್ಕೆ ಪೆಟ್ಟಾದಾಗ ಎಡಗೈ ಸೋತಿರುವುದು ಕೆಲವು ರೋಗಿಗಳಿಗೆ ಗೊತ್ತೇ ಆಗುವುದಿಲ್ಲ. ‘ಕೈ ಎತ್ತಿ’ ಅಂದರೆ ‘ಎತ್ತಿದ್ದೀನಲ್ಲ’ ಅನ್ನುತ್ತಾರೆ, ಕೈ ಹಾಸಿಗೆ ಮೇಲೇ ಇರುತ್ತದೆ. ಅದು ಕಾಯಿಲೆಯ ಲಕ್ಷಣ. ‘ನಮ್ಮ ಅಪ್ಪ ಮೊದಲಿಂದಲೂ ಹೀಗೇ, ಹಟಮಾರಿ’ ಅಂತ ಮಗ ಹೇಳುವಾಗ ಅಲ್ಲಿ ಮಾತಾಡುತ್ತಿರುವುದು ಅಪ್ಪನ ಸ್ವಭಾವವೋ ಪೆಟ್ಟು ತಿಂದ ಮಿದುಳೋ ಅಂತ ಮನೆಯಲ್ಲಿ ಕೂತು ಹೇಳಲು ಯಾರಿಂದಲೂ ಆಗದು. ಅದಕ್ಕೇ, ಹೋಗಬೇಕೋ ಬೇಡವೋ ಅನ್ನುವುದನ್ನು ರೋಗಿಗೆ ಬಿಡಬೇಡಿ. ಪಕ್ಕದಲ್ಲಿರುವವರು ತೀರ್ಮಾನ ಮಾಡಿ.

ಗಟ್ಟಿಯವರ ಹತ್ತಿರ ವಾದಕ್ಕೆ ನಿಂತರೆ ಅರ್ಧ ಗಂಟೆ ಅಲ್ಲೇ ಹೋಗುತ್ತದೆ. ‘ಏನೂ ಆಗಿಲ್ಲ ಅಂತ ಸ್ಕ್ಯಾನ್‌ನಲ್ಲೇ ನೋಡಿಬಿಡೋಣ, ಹತ್ತಿ’ ಅನ್ನಿ, ಇದಕ್ಕೆ ಒಪ್ಪುತ್ತಾರೆ. ತೊಂದರೆ ಕೊಡಬಾರದು ಅನ್ನುವವರಿಗೆ ‘ಈಗ ಬರದಿದ್ದರೇ ನಮಗೆ ತೊಂದರೆ’ ಅಂತ ಹೇಳಿ. 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ಕೊನೆಯದಾಗಿ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಅಂತ ಬರೆದಿಟ್ಟುಕೊಳ್ಳಿ, ಡಾಕ್ಟರುಗಳಾದ ನಾವು ಮೊದಲು ಕೇಳುವುದು ಅದನ್ನೇ. ನೀರು, ಕಾಫಿ ಕುಡಿಸಬೇಡಿ, ಶ್ವಾಸನಾಳಕ್ಕೆ ಹೋಗಬಹುದು. ಆಸ್ಪಿರಿನ್ ಕೂಡ ಬೇಡ, ಗಡ್ಡೆಯೋ ರಕ್ತಸ್ರಾವವೋ ಅಂತ ಸ್ಕ್ಯಾನ್ ಆಗದೆ ಗೊತ್ತಾಗುವುದಿಲ್ಲ. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋದರೂ ಬನ್ನಿ. ಅಂಥವರಿಗೆ ದೊಡ್ಡ ಸ್ಟ್ರೋಕ್ ಆಗುವ ಅಪಾಯ ಮೊದಲ ಎರಡು ದಿನದಲ್ಲೇ ಜಾಸ್ತಿ.

ಸ್ವಭಾವದ ಮೇಲೆ ಇಷ್ಟೆಲ್ಲ ಬರೆದೆ. ಲೈನ್‌ಮನೆಗಳಲ್ಲಿರುವ ತೋಟದ ಕೂಲಿಯವರ ತಡಕ್ಕೆ ಮಾತ್ರ ಈ ಮಾತು ಹಾಕಬೇಡಿ. ಕೆಲಸದಾಳಿಗೆ ಕೈ ಬಿದ್ದುಹೋದರೆ ಮೇಸ್ತ್ರಿಗೆ ಹೇಳಬೇಕು, ಮೇಸ್ತ್ರಿ ರೈಟರಿಗೆ, ರೈಟರ್ ಸಾಹುಕಾರರಿಗೆ ಫೋನ್ ಮಾಡಬೇಕು, ತೋಟದಲ್ಲಿ ನೆಟ್‌ವರ್ಕ್ ಸಿಗಬೇಕು, ಆಮೇಲೆ ಜೀಪು. ಇಲ್ಲಿ ರೋಗಿಯ ಗುಣ ಎಂಥದ್ದಾದರೇನು? ಬಾಯಿ ಸೊಟ್ಟ, ಕೈ ಸೋಲು, ಮಾತು ತೊದಲು, ಈ ಮೂರರಲ್ಲಿ ಒಂದು ಕಂಡರೂ ಯಾರನ್ನೂ ಕೇಳದೆ ಜೀಪು ತೆಗೆಯಬಹುದು ಅಂತ ತೋಟದ ಮಾಲೀಕರು ಇವತ್ತೇ ಮೇಸ್ತ್ರಿಗೆ ಹೇಳಿಡಬಹುದು.