ಐದು ಸಾವಿರಕ್ಕೆ ಕಡಲ ಗಾಳ: ಲೆಕ್ಕ ಸೀಸದಿಂದ ಶುರುವಾಗಲಿ

ಪ್ರಶ್ನೆ: ಗೋವಾದ ವೆರ್ಣಾದಲ್ಲಿ ಕಾರ್ಖಾನೆಯೊಂದರಲ್ಲಿ ಕೆಲಸ, ವಾಸ್ಕೋದಲ್ಲಿ ಬಾಡಿಗೆ ಮನೆ. ಊರು ಹರಿಹರ, ತುಂಗಭದ್ರೆಯಲ್ಲಿ ಬಿದಿರಿನ ಕೋಲು ಹಿಡಿದು ಗಾಳ ಹಾಕುತ್ತ ಬೆಳೆದವನು ನಾನು. ಇಲ್ಲಿ ಭಾನುವಾರ ಕೊಲ್ವಾ, ಬೇತುಲ್ ಕಡೆ ಅಲೆಗಳಾಚೆಗೆ ಗಾಳ ಎಸೆಯುವವರನ್ನು ಕಂಡರೆ ಕೈ ಸುಮ್ಮನಿರುವುದಿಲ್ಲ. ಐದು ಸಾವಿರ ರೂಪಾಯಿಯೊಳಗೆ ಕೋಲು, ರೀಲ್ ಎರಡೂ ಆಗಬೇಕು. ಎಷ್ಟು ಉದ್ದದ ಕೋಲು, ಯಾವ ನಂಬರಿನ ರೀಲ್ ಕೊಳ್ಳಲಿ?

ಉತ್ತರ: ನೀವು ಕೋಲಿನ ಉದ್ದದಿಂದ ಶುರು ಮಾಡಿದ್ದೀರಿ. ನಾನೂ ಹಾಗೆಯೇ ಶುರು ಮಾಡಿ ದುಡ್ಡು ಕಳೆದವನು. ಮೊದಲ ಸಲ ಅಂಗಡಿಗೆ ಹೋದಾಗ ಕಂಡ ಅತಿ ಉದ್ದದ ಕೋಲನ್ನೇ ತಂದೆ: ನಾಲ್ಕೂವರೆ ಮೀಟರಿನದು, ಕೊಡೆಯ ಹಾಗೆ ಒಂದರೊಳಗೊಂದು ಸೇರುವ ಟೆಲಿಸ್ಕೋಪಿಕ್ ಜಾತಿಯದು. ಬೆಣಾವ್ಲಿಯ ದಡದಲ್ಲಿ ಸಂಜೆಯವರೆಗೆ ಎಸೆದದ್ದೇ ಎಸೆದದ್ದು. ಹೊರಡುವಾಗ ಮಡಿಸಲು ನೋಡಿದರೆ ಸಂದುಗಳಲ್ಲಿ ಮರಳು ಕೂತು ಎರಡು ತುಂಡು ಒಳಗೆ ಹೋಗಲೇ ಇಲ್ಲ. ಹತ್ತು ಅಡಿಗೂ ಉದ್ದ ಉಳಿದಿದ್ದ ಕೋಲನ್ನು ಕಂಡು ಕದಂಬ ಬಸ್ಸಿನ ಕಂಡಕ್ಟರ್ ಬಾಗಿಲಿನಲ್ಲೇ ಕೈ ಅಡ್ಡ ಹಿಡಿದ. ಅಂದು ಮಡಗಾಂವ್‌ವರೆಗೆ ನಡೆದದ್ದು ನಾನು, ಹೆಗಲ ಮೇಲೆ ಸವಾರಿ ಮಾಡಿದ್ದು ಕೋಲು.

ಆ ನಡಿಗೆಯಲ್ಲಿ ಹೊಳೆದ ಮಾತು ಇಷ್ಟು: ಮೊದಲು ದಾರಕ್ಕೆ ಕಟ್ಟುವ ಸೀಸದ ತೂಕ ಗೊತ್ತಾಗಬೇಕು. ಸೀಸ ಕೋಲನ್ನು ಹೇಳುತ್ತದೆ, ಕೋಲು ರೀಲನ್ನು ಹೇಳುತ್ತದೆ, ದಾರವನ್ನು ಎರಡೂ ಸೇರಿ ಹೇಳುತ್ತವೆ.

ತುಂಗಭದ್ರೆಯಲ್ಲಿ ನಿಮಗೆ ಸೀಸದ ಚಿಂತೆ ಇರಲಿಲ್ಲ, ಒಂದು ಬೆಂಡು ಕಟ್ಟಿದರೆ ಸಾಕಿತ್ತು. ಕಡಲಿನಲ್ಲಿ ಸೀಸಕ್ಕೆ ಎರಡು ಕೆಲಸ. ಎರೆಯನ್ನು ದೂರಕ್ಕೆ ಒಯ್ಯಬೇಕು; ಬಿದ್ದ ಮೇಲೆ ಅಲೆಯ ಎಳೆತಕ್ಕೆ ಜರುಗದೆ ಮರಳು ಕಚ್ಚಿ ಕೂರಬೇಕು. ವೆಲ್ಸಾಂವ್‌ನಿಂದ ಮೊಬೊರ್‌ವರೆಗೆ 20 ಕಿಲೋಮೀಟರಿಗೂ ಮಿಕ್ಕಿ ಚಾಚಿರುವ ದಕ್ಷಿಣ ಗೋವಾದ ಮರಳ ದಡದಲ್ಲಿ, ಮಳೆಗಾಲ ಕಳೆದ ಸಾಧಾರಣ ದಿನಗಳಲ್ಲಿ, 80ರಿಂದ 100 ಗ್ರಾಂ ಸಾಕು. ಸಾಳ ನದಿ ಕಡಲು ಸೇರುವ ಬೇತುಲ್ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಸೆಳೆತ ಜೋರು, ಅಲ್ಲಿ 120 ಗ್ರಾಂ ಬೇಕಾಗಬಹುದು. ನಿಮ್ಮ ಮನೆಗೆ ಹತ್ತಿರದ ಬೈನಾ ಕೊಲ್ಲಿಯ ಒಳಗೆ ನೀರು ಶಾಂತವಾಗಿದ್ದರೆ 40 ಗ್ರಾಮೂ ಹೆಚ್ಚೇ. ಗುಂಡನೆಯ ಸೀಸ ಮರಳಿನ ಮೇಲೆ ಉರುಳುತ್ತದೆ. ಪಿರಮಿಡ್ಡಿನ ಆಕಾರದ್ದನ್ನು ಕೇಳಿ ಪಡೆಯಿರಿ, ಅದು ನೆಲ ಹಿಡಿಯುತ್ತದೆ.

ನೀವು ಹೇಳಿದ ಎರಡೂ ಜಾಗಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ನಿಮ್ಮ ಸೀಸ 100 ಗ್ರಾಂ. ಈಗ ಕೋಲಿನ ಬುಡದ ಬಳಿ ಬರೆದಿರುವುದನ್ನು ಓದಿ. ಉದ್ದದ ಪಕ್ಕದಲ್ಲಿ ಗ್ರಾಮಿನ ಲೆಕ್ಕವೊಂದು ಇರುತ್ತದೆ. ಆ ಕೋಲು ಎಸೆಯಬಲ್ಲ ಭಾರ ಅದು. ‘80–150’ ಎಂದಿದ್ದರೆ 100 ಗ್ರಾಮನ್ನು ನೆಮ್ಮದಿಯಾಗಿ ಎಸೆಯುತ್ತದೆ. ‘40–80’ ಎಂದಿದ್ದರೆ ಬೇಡ. ಅಗ್ಗದ ಕೋಲುಗಳಲ್ಲಿ ‘250 ಗ್ರಾಂವರೆಗೆ’ ಎಂಬ ಧಾರಾಳದ ಮಾತೂ ಕಾಣಿಸುತ್ತದೆ, ನಂಬಬೇಡಿ. ಗ್ರಾಂ ಬರೆಯದೆ ಬರೀ ಬಣ್ಣದ ಚಿತ್ರ ಅಂಟಿಸಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

ಉದ್ದ 3.6 ಮೀಟರ್, ಅಂದರೆ ಹೆಚ್ಚುಕಡಿಮೆ 12 ಅಡಿ ಇರಲಿ. ದಾರವನ್ನು ಮುಂದಿನ ಅಲೆಯ ನೊರೆಗೆ ಸಿಕ್ಕದಂತೆ ಎತ್ತಿ ಹಿಡಿಯಲು ಅಷ್ಟು ಬೇಕು. 4.2 ಮೀಟರಿನದನ್ನು ಬೀಸಲು ತೋಳಿಗೆ ಅಭ್ಯಾಸ ಬೇಕು. ಹೊಸಬರ ಕೈಯಲ್ಲಿ ಅದು 3.6ರದ್ದಕ್ಕಿಂತ ಹತ್ತಿರವೇ ಬೀಳುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ಎರಡು ತುಂಡಿನ ಕೋಲು ಎಸೆಯಲು ಸೊಗಸು, ಆದರೆ ಆರಡಿಯ ತುಂಡುಗಳನ್ನು ಸ್ಕೂಟರಿನಲ್ಲಿ ಒಯ್ಯುವುದು ಸರ್ಕಸ್. ಮೂರು ತುಂಡಿನದು ನಾಲ್ಕಡಿಯ ಚೀಲದೊಳಗೆ ಕೂರುತ್ತದೆ, ಬಸ್ಸಿಗೂ ಆಗುತ್ತದೆ. ಟೆಲಿಸ್ಕೋಪಿಕ್ ಬಗ್ಗೆ ನನ್ನ ಅಭಿಪ್ರಾಯ ಬೆಣಾವ್ಲಿಯ ದಾರಿಯಲ್ಲೇ ಗಟ್ಟಿಯಾಯಿತು.

ಕಾರ್ಬನ್ ಹಗುರ, ಚುರುಕು, ದುಬಾರಿ. ಗಾಜಿನ ನಾರಿನ, ಅಂದರೆ ಫೈಬರ್ ಗ್ಲಾಸಿನ ಕೋಲು ಭಾರವಾದರೂ ಬಿದ್ದರೆ, ತಾಗಿದರೆ ಸಹಿಸಿಕೊಳ್ಳುತ್ತದೆ. ನಿಮ್ಮ ಬಜೆಟ್ಟಿಗೆ ಗಾಜು, ಇಲ್ಲವೇ ಎರಡೂ ಬೆರೆತದ್ದು. ಅಗ್ಗದ ಕೋಲಿಗೆ ಹಚ್ಚಿದ ‘ಕಾರ್ಬನ್’ ಎಂಬ ಪಟ್ಟಿ ಎಷ್ಟೋ ಸಲ ಪಟ್ಟಿ ಮಾತ್ರ. ಅಪ್ಪಟ ಕಾರ್ಬನ್ ವಿದ್ಯುತ್ತನ್ನು ಹರಿಯಬಿಡುತ್ತದೆ ಎನ್ನುವುದೂ ನೆನಪಿರಲಿ: ಕರೆಂಟಿನ ತಂತಿಯ ಕೆಳಗೆ ಎತ್ತಿ ಹಿಡಿದು ನಡೆಯಬಾರದು. ಮೇ ತಿಂಗಳ ಸಂಜೆ ಗುಡುಗು ಕೇಳಿಸಿದರೆ ಬಯಲು ದಡದಲ್ಲಿ ಯಾವ ಕೋಲನ್ನೂ ಹಿಡಿದು ನಿಲ್ಲಬೇಡಿ. ಅಂಗಡಿಯಲ್ಲಿ ಕೋಲಿನ ಉಂಗುರಗಳೊಳಗೆ ಚೂರು ಹತ್ತಿ ಆಡಿಸಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ. ನಾಳೆ ಅದೇ ಜಾಗ ನಿಮ್ಮ ದಾರವನ್ನು ಕೊಯ್ಯುತ್ತದೆ.

ಐದು ಸಾವಿರದಲ್ಲಿ ಹೆಚ್ಚಿನ ಪಾಲು ರೀಲಿಗೆ ಹೋಗಲಿ. ನಾನಾದರೆ ರೀಲಿಗೆ 2,200, ಕೋಲಿಗೆ 1,800, ದಾರಕ್ಕೆ 600, ಸೀಸ, ಗಾಳ, ದಾರ ಹುರಿಗೊಳ್ಳದಂತೆ ತಡೆಯುವ ಸ್ವಿವೆಲ್‌ಗಳಿಗೆ ಉಳಿದದ್ದು ಎಂದು ಹಂಚುತ್ತೇನೆ. ಕೋಲು ಸುಮ್ಮನೆ ಬಾಗುತ್ತದೆ, ಏಳುತ್ತದೆ. ರೀಲಿನೊಳಗೆ ಹಲ್ಲುಚಕ್ರಗಳಿವೆ, ಸ್ಪ್ರಿಂಗ್ ಇದೆ, ಇವೆಲ್ಲಕ್ಕೂ ಉಪ್ಪು ಶತ್ರು. ನಂಬರ್ ಕೇಳಿದ್ದೀರಿ: 5000 ಅಥವಾ 6000. ಆದರೆ ಒಂದು ಕಂಪನಿಯ 5000 ಇನ್ನೊಂದರ 4000ದಷ್ಟೇ ಇರುವುದುಂಟು. ಹಾಗಾಗಿ ನಂಬರಿಗಿಂತ, ದಾರ ಸುತ್ತುವ ಸ್ಪೂಲಿನ ಮೇಲೆ ಬರೆದದ್ದನ್ನು ನೋಡಿ. 0.35 ಮಿಲಿಮೀಟರಿನ ದಾರ 200 ಮೀಟರಿಗೆ ಕಡಿಮೆಯಿಲ್ಲದೆ ಹಿಡಿಯಬೇಕು.

‘ಇದರಲ್ಲಿ ಹನ್ನೆರಡು ಬೇರಿಂಗ್ ಇವೆ’ ಎಂದು ಅಂಗಡಿಯವರು ಹೊಗಳಿದರೆ ನಕ್ಕು ತಲೆಯಾಡಿಸಿ. ಅಗ್ಗದ ಹನ್ನೆರಡು ಬೇರಿಂಗ್ ಎಂದರೆ ತುಕ್ಕು ಹಿಡಿಯಲು ಹನ್ನೆರಡು ಜಾಗ. ಒಳ್ಳೆಯವು ನಾಲ್ಕಿದ್ದರೆ ಸಾಕು. ನೀವು ಮಾಡಬೇಕಾದ ಪರೀಕ್ಷೆ ಬೇರೆ. ಹಿಡಿಕೆಯನ್ನು ನಿಧಾನವಾಗಿ ತಿರುಗಿಸಿ: ಕರಕರ ಎನ್ನಬಾರದು, ಓಲಾಡಬಾರದು. ಹಿಂದಕ್ಕೆ ತಿರುವಿದರೆ ತಕ್ಷಣ ಕಚ್ಚಿ ನಿಲ್ಲಬೇಕು. ದಾರದ ಬಿಗಿ ಹೊಂದಿಸುವ ಮುಂದಿನ ತಿರುಪನ್ನು, ಅಂದರೆ ಡ್ರ್ಯಾಗನ್ನು, ಅರ್ಧ ಬಿಗಿದು ದಾರ ಎಳೆಯಿರಿ. ಜಗ್ಗಿ ಜಗ್ಗಿ ಬರದೆ ಎಣ್ಣೆ ಸುರಿದ ಹಾಗೆ ಬರಬೇಕು. ಕೊನೆಗೆ ದಾರ ಹಾದುಹೋಗುವ ಪುಟ್ಟ ಉರುಳೆಯನ್ನು ಬೆರಳಿನಿಂದ ಸುತ್ತಿಸಿ. ಅದು ತಿರುಗದಿದ್ದರೆ ಉಳಿದದ್ದೆಲ್ಲ ಚೆನ್ನಾಗಿದ್ದೂ ಪ್ರಯೋಜನವಿಲ್ಲ.

ದಾರಕ್ಕೆ ಮೊದಲ ವರ್ಷ ನೈಲಾನ್ ತಂಗೂಸೇ ಸಾಕು, 0.35 ಮಿಲಿಮೀಟರಿನದು. ಹೆಣೆದ ಬ್ರೇಡ್ ದಾರ ಸಪೂರವಾಗಿದ್ದು ದೂರ ಹೋಗುತ್ತದೆ, ಮೀನು ಮುಟ್ಟಿದ್ದನ್ನೂ ಬೇಗ ಹೇಳುತ್ತದೆ. ಆದರೆ ಬೆಲೆ ಹೆಚ್ಚು, ಗಾಳಿಗೆ ಗಂಟು ಬೀಳುತ್ತದೆ, ಬೆರಳು ಕುಯ್ಯುತ್ತದೆ. ಸ್ಪೂಲಿನ ಅಂಚಿಗಿಂತ ಎರಡು ಮಿಲಿಮೀಟರ್ ಕೆಳಗಿನವರೆಗೆ ಸುತ್ತಿ. ಅರ್ಧ ಖಾಲಿ ಸ್ಪೂಲಿನಿಂದ ದಾರ ಅಂಚಿಗೆ ಉಜ್ಜುತ್ತ ಹೊರಡುತ್ತದೆ, ದೂರ ಅಲ್ಲೇ ಸೋರಿಹೋಗುತ್ತದೆ.

ಹೊಸಬರು ಬಿಟ್ಟುಬಿಡುವುದು ಮುಖ್ಯ ದಾರದ ತುದಿಗೆ, ಸೀಸದ ಕಡೆ ಕಟ್ಟುವ, ಶಾಕ್ ಲೀಡರ್ ಎನ್ನುವ ದಪ್ಪ ದಾರದ ತುಂಡನ್ನು. ಎಸೆಯುವ ಕ್ಷಣದ ಜಗ್ಗಾಟವನ್ನು ತಡೆದುಕೊಳ್ಳುವುದು ಅದೇ. ಹಳೆಯ ಲೆಕ್ಕ ಹೀಗಿದೆ: ಒಂದು ಔನ್ಸ್ ಸೀಸಕ್ಕೆ ಹತ್ತು ಪೌಂಡ್ ತಾಳುವ ದಾರ. 100 ಗ್ರಾಂ ಎಂದರೆ ಮೂರೂವರೆ ಔನ್ಸ್. ಅಲ್ಲಿಗೆ 35 ಪೌಂಡ್, ಸುಮಾರು 16 ಕಿಲೋ ತಾಳುವ ದಾರ ಬೇಕು. ಕೋಲಿನ ಎರಡರಷ್ಟು ಉದ್ದವಿದ್ದು, ಎಸೆಯಲು ನಿಂತಾಗ ಸ್ಪೂಲಿನ ಮೇಲೆ ನಾಲ್ಕೈದು ಸುತ್ತು ಉಳಿದಿರಲಿ. ಇದರಲ್ಲಿ ಮಾತ್ರ ಜಿಪುಣತನ ಸಲ್ಲದು. ಸಪೂರ ದಾರ ಬೀಸುವಾಗಲೇ ಹರಿದರೆ 100 ಗ್ರಾಂ ಸೀಸ ಕವಣೆಯ ಕಲ್ಲಿನಂತೆ ಹಾರುತ್ತದೆ, ಭಾನುವಾರದ ಕೊಲ್ವಾದಲ್ಲಿ ಅದು ಎಲ್ಲಿಗೆ ಹೋಗಿ ಬಡಿಯುತ್ತದೆ ಎಂದು ಯೋಚಿಸಿ. ಜನರಿಲ್ಲದ ತುದಿಗೆ ನಡೆಯಿರಿ, ಬೀಸುವ ಮೊದಲು ಹಿಂದೆ ತಿರುಗಿ ನೋಡಿ.

ಎಷ್ಟು ದೂರ ಎಸೆಯಬೇಕು ಎಂದು ನೀವು ಕೇಳಿಲ್ಲ, ಆದರೆ ‘ಅಲೆಗಳಾಚೆಗೆ’ ಎಂಬ ನಿಮ್ಮ ಮಾತಿನಲ್ಲಿ ಆ ಆಸೆ ಕಂಡಿತು. ಮೊದಲ ವರ್ಷ ನಾನೂ ಆಕಾಶಕ್ಕೆ ಎಸೆಯುತ್ತಿದ್ದೆ. ಪಕ್ಕದಲ್ಲಿ ಬರಿಗೈಯಲ್ಲಿ ದಾರ ಬೀಸುತ್ತಿದ್ದ ಖಾರ್ವಿ ಅಜ್ಜರೊಬ್ಬರು ಎರಡು ದಿನ ನೋಡಿ, ಮೂರನೆಯ ದಿನ ಮೊಣಕಾಲು ನೀರಿನಾಚೆ ಬೆರಳು ತೋರಿಸಿ, ‘ಪಾತ್ರಾಂವ್, ನುಸ್ತೆಂ ಹಾಂಗಾಚ್ ಆಸಾ’ ಎಂದರು. ಮೀನು ಇಲ್ಲೇ ಇದೆ, ಧಣಿ! ಅಲೆಗಳು ಒಡೆಯುವ ಮರಳ ದಿಬ್ಬಕ್ಕೂ ದಡಕ್ಕೂ ನಡುವೆ ಒಂದು ತಗ್ಗು ಇರುತ್ತದೆ, ಅಲ್ಲಿ ನೀರು ತುಸು ಕಪ್ಪಾಗಿ, ನೊರೆ ಕಡಿಮೆಯಾಗಿ ಕಾಣುತ್ತದೆ. ಅಲೆ ಕೆದಕಿದ ಹುಳು, ಚಿಪ್ಪು, ಸಿಗಡಿಗಳನ್ನು ಹುಡುಕುತ್ತ ಮೀನು ಆ ತಗ್ಗಿನಲ್ಲೇ ಓಡಾಡುತ್ತದೆ. ಇಳಿತದ ಹೊತ್ತಿಗೆ ಹೋಗಿ ತಗ್ಗುಗಳನ್ನು ಗುರುತು ಮಾಡಿಕೊಳ್ಳಿ, ಭರತ ಏರುವಾಗ ಅಲ್ಲಿಗೇ ಎಸೆಯಿರಿ. 40–50 ಮೀಟರ್ ಹೋದರೂ ಬಹುಪಾಲು ದಿನ ಸಾಕು.

ಕಾಣೆ ಮೀನಿಗೆ, ಗೋವಾದವರ ಮುಡ್ಡೋಶಿಗೆ, ಚಿಕ್ಕ ಗಾಳ ಮತ್ತು ಸಿಗಡಿಯ ಚೂರು. ಅಳಿವೆಯ ಚೊಣಕ್ ಮೀನಿಗೆ ದೊಡ್ಡ ಗಾಳ ಬೇಕು. ತೊರಕೆ ಸಿಕ್ಕಿದರೆ ಬಾಲದ ಮುಳ್ಳಿನಿಂದ ದೂರವಿದ್ದು ದಾರವನ್ನೇ ಕತ್ತರಿಸಿಬಿಡಿ.

ಕೋಲು ನಿಲ್ಲಿಸಲು ಸ್ಟ್ಯಾಂಡ್ ಕೊಳ್ಳಬೇಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ, ಕೋಲಿನ ಬುಡ ಸಲೀಸಾಗಿ ಇಳಿಯುವಷ್ಟು ಅಗಲದ ಪಿವಿಸಿ ಪೈಪನ್ನು ಮೂರಡಿ ಕೊಯ್ಯಿಸಿ, ಒಂದು ತುದಿಯನ್ನು ಓರೆಯಾಗಿ ಕತ್ತರಿಸಿಕೊಳ್ಳಿ. ಮರಳಿಗೆ ಚುಚ್ಚಿ ನಿಲ್ಲಿಸಿದರೆ ಆಯಿತು. ರೀಲನ್ನು ಮರಳಿನ ಮೇಲೆ ಮಲಗಿಸುವ ಚಾಳಿ ಅದರಿಂದಲೇ ತಪ್ಪುತ್ತದೆ.

ಶುರು ಮಾಡಲು ಅಕ್ಟೋಬರ್ ಒಳ್ಳೆಯ ತಿಂಗಳು. ಜೂನ್ 1ರಿಂದ ಜುಲೈ 31ರವರೆಗೆ ಇಲ್ಲಿ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧ. ಆ ಕಡಲಿನ ಮುಂದೆ 100 ಗ್ರಾಂ ಸೀಸವೂ ನಿಲ್ಲುವುದಿಲ್ಲ, ನೀವೂ ನಿಲ್ಲಬಾರದು. ಚಳಿಗಾಲದಲ್ಲಿ ಮೊರ್ಜಿ, ಅಗೊಂದ, ಗಾಲ್ಜಿಬಾಗ್ ದಡಗಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ರಾತ್ರಿ ಟಾರ್ಚ್ ಹಿಡಿದು ಅಲ್ಲಿಗೆ ಹೋಗುವುದು ಬೇಡ.

ಮನೆಗೆ ಬಂದ ರಾತ್ರಿಯೇ, ಎಷ್ಟೇ ದಣಿದಿದ್ದರೂ, ರೀಲಿನ ಡ್ರ್ಯಾಗನ್ನು ಬಿಗಿಮಾಡಿ ಸಿಹಿನೀರನ್ನು ಮೆಲ್ಲಗೆ ಚಿಮುಕಿಸಿ ತೊಳೆಯಿರಿ. ನಲ್ಲಿಯ ಕೆಳಗೆ ರಭಸವಾಗಿ ಹಿಡಿದರೆ ಉಪ್ಪು ಒಳಕ್ಕೇ ಹೋಗುತ್ತದೆ. ಒರೆಸಿ, ಒಣಗಿದ ಮೇಲೆ ಡ್ರ್ಯಾಗ್ ಸಡಿಲಿಸಿ ಇಡಿ. ಕೋಲಿನ ತುಂಡುಗಳನ್ನು ಬಿಚ್ಚಿ ಒರೆಸಿ. ಜೋಡಿಸಿಯೇ ಬಿಟ್ಟರೆ ಕಚ್ಚಿಕೊಳ್ಳುತ್ತವೆ.

ಹರಿಹರದ ಬಿದಿರು ಕೋಲು ಇನ್ನೂ ಮನೆಯಲ್ಲಿದ್ದರೆ ಮುಂದಿನ ಸಲ ಊರಿಗೆ ಹೋದಾಗ ತನ್ನಿ. ಬೈನಾದಲ್ಲಿ ಅಲೆಯಿಲ್ಲದ ಬೆಳಗಿನ ಹೊತ್ತು ಅದಕ್ಕೂ ಕೆಲಸವಿದೆ.