ಕಂಡಕ್ಟರ್ ನಿರ್ಧರಿಸಿದ ಬಣ್ಣ: ಆಲ್ಬಿಯನ್ ಟೂರ್ಜೆ ಮತ್ತು ಪ್ಲೆಸ್ಸಿ ಪ್ರಕರಣದ ಹಿನ್ನೆಲೆ

ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 2023ರಲ್ಲಿ ತಳ್ಳಿಹಾಕಿದಾಗ, ಬಹುಮತದ ಕಡೆಯವರೂ ಭಿನ್ನಮತದವರೂ ರೈಲಿನಲ್ಲಿ ಬಿಳಿಯರನ್ನೂ ಕರಿಯರನ್ನೂ ಬೇರೆ ಕೂರಿಸುವ ಕಾಯ್ದೆಯನ್ನು ಪ್ರಶ್ನಿಸಿದ 1896ರ ಪ್ಲೆಸ್ಸಿ ಪ್ರಕರಣವನ್ನು ತಮ್ಮ ತಮ್ಮ ವಾದಕ್ಕೆ ಎಳೆದುಕೊಂಡರು. ಕಾನೂನು ಬಣ್ಣ ನೋಡಬಾರದೆಂಬ ಮಾತು ಈಗ ಎಲ್ಲರ ಬಾಯಲ್ಲಿದೆ. ಅದನ್ನು ಆ ಪ್ರಕರಣದಲ್ಲಿ ಬರೆದು ಸಲ್ಲಿಸಿದ ವಕೀಲ ಆಲ್ಬಿಯನ್ ಟೂರ್ಜೆ ಅವರ ಪೂರ್ತಿ ವಾದ ಮಾತ್ರ ಹಿಂದೆ ಉಳಿದಿದೆ.

1838ರಲ್ಲಿ ಒಹಾಯೊದಲ್ಲಿ ಹುಟ್ಟಿ, ಅಂತರ್ಯುದ್ಧದಲ್ಲಿ ಬೆನ್ನುಮೂಳೆಗೆ ಪೆಟ್ಟು ತಿಂದ ಟೂರ್ಜೆ 1865ರಲ್ಲಿ ಉತ್ತರ ಕ್ಯಾರೊಲೈನಾದಲ್ಲಿ ನೆಲೆಸಿ, 1868ರ ರಾಜ್ಯ ಸಂವಿಧಾನ ಸಭೆಯಲ್ಲಿ ಪಾಲ್ಗೊಂಡು, ಆರು ವರ್ಷ ನ್ಯಾಯಾಧೀಶರಾಗಿ, ಕರಿಯರ ಮೇಲೆ ಹಿಂಸೆ ನಡೆಸುತ್ತಿದ್ದ ಬಿಳಿಯರ ಗುಪ್ತ ಸಂಘಟನೆ ಕೂ ಕ್ಲಕ್ಸ್ ಕ್ಲಾನ್‌ಗೆ ಎದುರು ನಿಂತರು. ಅವರ ಜೊತೆಗಾರ, ರಾಜ್ಯ ಸೆನೆಟರ್ ಜಾನ್ ಸ್ಟೀಫನ್ಸ್ ಅವರನ್ನು 1870ರಲ್ಲಿ ಯಾನ್ಸಿವಿಲ್‌ನ ಕೋರ್ಟ್ ಕಟ್ಟಡದೊಳಗೇ ಕೊಲ್ಲಲಾಯಿತು. ಆ ವರ್ಷಗಳ ಅನುಭವವನ್ನು ಟೂರ್ಜೆ 1879ರಲ್ಲಿ ಹೆಸರು ಹಾಕದೆ ಕಾದಂಬರಿಯಾಗಿ ಪ್ರಕಟಿಸಿದರು; ಅದು ದೇಶದ ತುಂಬ ಓದಿಸಿಕೊಂಡಿತು.

1890ರಲ್ಲಿ ಲೂಸಿಯಾನಾ ರಾಜ್ಯ ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ರೈಲು ಬೋಗಿಗಳನ್ನು ಕಡ್ಡಾಯಗೊಳಿಸಿತು. ನ್ಯೂ ಆರ್ಲಿಯನ್ಸ್‌ನ ನಾಗರಿಕ ಸಮಿತಿಯೊಂದು ಇದನ್ನು ಪ್ರಶ್ನಿಸಲು ಹೊರಟಾಗ ಟೂರ್ಜೆ ಶುಲ್ಕವಿಲ್ಲದೆ ವಕಾಲತ್ತು ವಹಿಸಿದರು. ನೋಡಿದರೆ ಬಿಳಿಯನೆನ್ನಿಸುವ ವ್ಯಕ್ತಿಯನ್ನೇ ಮುಂದಿಡಬೇಕೆಂಬುದು ಅವರ ಲೆಕ್ಕಾಚಾರವಾಗಿತ್ತು. ಎಂಟರಲ್ಲಿ ಏಳು ಪಾಲು ಬಿಳಿಯ ವಂಶದವನಾದ ಹೋಮರ್ ಪ್ಲೆಸ್ಸಿ ಎಂಬ ಚಮ್ಮಾರ 1892ರ ಜೂನ್ 7ರಂದು ಬಿಳಿಯರ ಬೋಗಿ ಹತ್ತಿ, ತಾನು ಯಾರೆಂದು ತಿಳಿಸಿ, ಕೆಳಗಿಳಿಯಲು ಒಪ್ಪದೆ ಬಂಧನಕ್ಕೊಳಗಾದ. ಟಿಕೆಟ್ ನೋಡುವ ಕಂಡಕ್ಟರ್‌ಗೆ ಒಬ್ಬನ ಜನಾಂಗವನ್ನು ತೀರ್ಮಾನಿಸುವ ಅಧಿಕಾರ ಎಲ್ಲಿಂದ ಬಂತು ಎಂದು ಟೂರ್ಜೆ ಕೇಳಿದರು. ಅದೇ ಕಾಯ್ದೆಯಲ್ಲಿ ಒಂದು ವಿನಾಯಿತಿಯಿತ್ತು: ಬೇರೆ ಜನಾಂಗದ ಮಗುವನ್ನು ನೋಡಿಕೊಳ್ಳುವ ಆಯಾಗೆ ಈ ಕಟ್ಟುಪಾಡು ಅನ್ವಯಿಸುತ್ತಿರಲಿಲ್ಲ. ಬಿಳಿಯ ಮಗುವನ್ನು ಎತ್ತಿಕೊಂಡ ಕರಿಯ ಹೆಂಗಸು ಬಿಳಿಯರ ನಡುವೆ ನೆಮ್ಮದಿಯಾಗಿ ಕೂರಬಹುದು. ತನ್ನ ಟಿಕೆಟ್ಟಿನ ಮೇಲೆ ಒಬ್ಬಳೇ ಬಂದರೆ ಅಪರಾಧಿ. ಹಾಗಾದರೆ ಕಾಯ್ದೆಗೆ ಚುಚ್ಚುತ್ತಿದ್ದುದು ಮೈಬಣ್ಣವಲ್ಲ, ಆಳಾಗಿರಬೇಕಾದವರು ಸಮಾನರಾಗಿ ಕೂರುವುದು ಎಂದು ಅವರು ತೋರಿಸಿಕೊಟ್ಟರು. ಇಷ್ಟು ನೇರವಾದ ವಾದಕ್ಕೆ ಬಹುಮತದ ತೀರ್ಪಿನಲ್ಲಿ ತಕ್ಕ ಉತ್ತರ ಸಿಗುವುದಿಲ್ಲ.

1896ರ ಮೇ 18ರಂದು ಸುಪ್ರೀಂ ಕೋರ್ಟ್ ಏಳಕ್ಕೆ ಒಂದರ ಬಹುಮತದಿಂದ ಕಾಯ್ದೆಯನ್ನು ಎತ್ತಿಹಿಡಿಯಿತು. ಒಂಟಿಯಾಗಿ ಭಿನ್ನಮತ ಬರೆದ ನ್ಯಾಯಮೂರ್ತಿ ಹಾರ್ಲನ್, ಸಂವಿಧಾನಕ್ಕೆ ಬಣ್ಣ ಕಾಣದೆಂದರು. ಅದು ಟೂರ್ಜೆಯವರ ಲಿಖಿತ ವಾದದಲ್ಲೂ ಇದ್ದ ಮಾತು. ಇಂದು ಅದನ್ನು ಉದ್ಧರಿಸುವವರು ಆಯಾಳ ಉದಾಹರಣೆಯನ್ನೂ ಜೊತೆಗಿಟ್ಟುಕೊಂಡು ಓದಿದರೆ ಒಳ್ಳೆಯದು.

ಟೂರ್ಜೆ ಫ್ರಾನ್ಸ್‌ನ ಬೋರ್ಡೊದಲ್ಲಿ ಅಮೆರಿಕದ ಕಾನ್ಸುಲ್ ಆಗಿದ್ದಾಗ 1905ರಲ್ಲಿ ತೀರಿಕೊಂಡರು. ಪ್ರತ್ಯೇಕ ಶಾಲೆಗಳು ಸಂವಿಧಾನಬಾಹಿರವೆಂದು ಕೋರ್ಟ್ ಹೇಳಲು 1954 ಬರಬೇಕಾಯಿತು. ತಪ್ಪೊಪ್ಪಿಕೊಂಡು 25 ಡಾಲರ್ ದಂಡ ಕಟ್ಟಿದ್ದ ಪ್ಲೆಸ್ಸಿಗೆ ಲೂಸಿಯಾನಾ ಕ್ಷಮಾದಾನ ನೀಡಿದ್ದು 2022ರ ಜನವರಿಯಲ್ಲಿ.